ಸುಮ್ಮನಿದ್ದರೆ ಸರಿ

ಹಲ್ಲುಜ್ಜುತ್ತಿದ್ದಾಗ ಮತ್ತೆ ಆ ದನಿ ಶುರುವಾಯಿತು. ಏರಿಳಿತವಿಲ್ಲ, ಅವಸರವಿಲ್ಲ. ನಾಲ್ಕು ಸಾವಿರದ ಎಂಟುನೂರ ಹನ್ನೆರಡು. ಒಂದು ಉಸಿರಿನಷ್ಟು ಬಿಡುವು. ಮುಂದೆ. ಒಂಬೈನೂರ ಆರು. ಬಿಡುವು. ಮುಂದೆ. ಅವನು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ಕನ್ನಡಿಯೊಳಗಿನ ತನ್ನ ಮುಖವನ್ನು ನೋಡುತ್ತ ನಿಂತ. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಬಲಗೈಯ ಬೆರಳುಗಳು ಪೆನ್ಸಿಲ್ ಹಿಡಿದ ಹಾಗೆ ಕೂಡಿಕೊಂಡು ಬೇಸಿನ್ನಿನ ಒದ್ದೆ ಅಂಚಿನ ಮೇಲೆ ಸಣ್ಣಗೆ ಗೀಚುತ್ತಿದ್ದವು. ಅದನ್ನು ನೋಡಿದ ಮೇಲೆ ಕೈಯನ್ನು ಪಂಚೆಗೋ ಟವೆಲಿಗೋ ಒರೆಸಿಕೊಂಡು ಹೊರಗೆ ಬಂದರೆ, ಹೆಂಡತಿ ಬಾಗಿಲಿಗೆ ಎದುರಾಗಿ ನಿಂತಿದ್ದಳು. "ಯಾರ ಹತ್ರ ಮಾತಾಡ್ತಿದ್ರಿ?" ಎಂದಳು. ಮಾತಾಡಲಿಲ್ಲವಲ್ಲ ಎಂದ. "ಮುಂದೆ ಮುಂದೆ ಅಂತಿದ್ರಿ. ನಾನು ಬಾಗಿಲ ಹತ್ರ ಬಂದೆ, ಆಗ್ಲೂ ಅಂದ್ರಿ." ಹಾಗಾದರೆ ಆ ಮಾತು ತನ್ನ ಬಾಯಿಂದಲೇ ಬರುತ್ತಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಹೆಂಡತಿ ಇನ್ನೇನೋ ಕೇಳುವವಳಿದ್ದಳು, ಕೇಳಲಿಲ್ಲ. ಅವಳು ಕೇಳುವ ಪ್ರಶ್ನೆ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಇವತ್ತಾದರೂ ಗೊತ್ತಾಗತ್ತಾ? ಕಂಪನಿ ಕೈ ಬದಲಾದಂದಿನಿಂದ, ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದೆ, ಮನೆಯಲ್ಲಿ ಎಲ್ಲವೂ 'ಗೊತ್ತಾದ ಮೇಲೆ' ಎಂಬಲ್ಲಿಗೆ ಬಂದು ನಿಂತಿತ್ತು. ಕಿಟಕಿಯ ಪರದೆಗೆ ತಂದ ಬಟ್ಟೆ ಹೊಲಿಸದೆ ಮಡಿಕೆಯಲ್ಲೇ ಇತ್ತು. ಸೋರುವ ಗೀಸರು ಸೋರುತ್ತಿತ್ತು. ಮಗಳು ತಟ್ಟೆ ಮುಂದೆ ಕೂತು, "ಅಪ್ಪಾ, ತಿಂಡಿ ಈಗ್ಲೇ ತಿನ್ಲಾ, ಗೊತ್ತಾದ ಮೇಲೆ ತಿನ್ಲಾ?" ಎಂದು ಕಿಚಾಯಿಸಿದಳು. ಅವನಿಗೂ ನಗು ಬಂತು. ನಗುತ್ತಲೇ, ಇವಳಿಗೆ ನನ್ನ ಮೇಲಿನ ಹೆದರಿಕೆ ಹೋಗಿ ಕನಿಕರ ಶುರುವಾಗಿದೆ ಎಂದು ಅನ್ನಿಸಿತು.

ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಫೋನು ತೆಗೆದ. ಕಂಪನಿಯಿಂದ ರಾತ್ರಿಯೇ ಬಂದಿದ್ದ ಪ್ರಶ್ನೆಗಳು ಹಾಗೇ ಇದ್ದವು. ನಿಮ್ಮ ಕೆಲಸ ನಿಮಗೆ ಎಷ್ಟು ತೃಪ್ತಿ ಕೊಡುತ್ತಿದೆ? ಒಂದರಿಂದ ಐದರ ಒಳಗೆ ಗುರುತಿಸಿ. ನಿಮ್ಮ ಹೆಸರು ಯಾರಿಗೂ ತಿಳಿಯುವುದಿಲ್ಲ ಎಂದು ಮೇಲೆ ದಪ್ಪಕ್ಷರದಲ್ಲಿ ಭರವಸೆ ಕೊಟ್ಟು, ಕೆಳಗೆ ಯಾವ ವಿಭಾಗ, ಎಷ್ಟು ವರ್ಷದ ಸೇವೆ, ಗಂಡೋ ಹೆಣ್ಣೋ ಎಂದೆಲ್ಲ ಕೇಳಿದ್ದರು. ಲೆಕ್ಕಪತ್ರ ವಿಭಾಗದಲ್ಲಿ ಅಷ್ಟು ವರ್ಷದಿಂದ ಇರುವ ಗಂಡಸು ಈಗ ಅವನೊಬ್ಬನೇ. ಹೆಸರನ್ನೇ ಕೇಳಿದ್ದರೆ ಎಷ್ಟೋ ಮರ್ಯಾದೆಯಾಗಿರುತ್ತಿತ್ತು. ಐದು ಒತ್ತಿದರೆ ಬೆಣ್ಣೆ ಹಚ್ಚುತ್ತಿದ್ದಾನೆ ಅಂದುಕೊಂಡಾರು. ಮೂರು ಒತ್ತಿದರೆ ಒಳಗೇ ಕುದಿಯುತ್ತಿದ್ದಾನೆ ಅಂದುಕೊಂಡಾರು. ಎರಡು, ಒಂದು ಎಂಬವೆಲ್ಲ ಬೇರೆ ಕೆಲಸ ಸಿಕ್ಕವರಿಗೆ. ನಾಲ್ಕರ ಮೇಲೆ ಬೆರಳಿಟ್ಟ. ಒತ್ತಿದ ಕ್ಷಣವೇ ನಾಲ್ಕು ಎಂದರೆ ಎಲ್ಲ ಹೆದರುಪುಕ್ಕಲರೂ ಒತ್ತುವ ಅಂಕಿ ಎಂದು ಹೊಳೆದು ಮುಖ ಬಿಸಿಯಾಯಿತು. ತೃಪ್ತಿ ಎಂದರೆ ಏನು ಎಂದು ಅವನು ಯೋಚಿಸಿದವನೇ ಅಲ್ಲ. ವರ್ಷದ ಕೊನೆಯಲ್ಲಿ ಎರಡೂ ಕಡೆಯ ಮೊತ್ತ ಒಂದಕ್ಕೊಂದು ತಾಳೆಯಾದಾಗ ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಹಿರಿಯ ಜೊತೆಗಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣುಜ್ಜಿಕೊಂಡು, "ಕೂತ್ಕೊಳ್ತು" ಎನ್ನುತ್ತಿದ್ದರು. ಅಷ್ಟೇ. ಇಬ್ಬರೂ ಎದ್ದು ಹೋಗಿ ಒಂದೊಂದು ಕಪ್ ಚಹಾ ಕುಡಿಯುತ್ತಿದ್ದರು. ಆಗ ಚಹಾಕ್ಕೆ ಬೇರೆಯೇ ರುಚಿ ಇರುತ್ತಿತ್ತು. ಅದಕ್ಕೆ ಒಂದರಿಂದ ಐದರ ಒಳಗೆ ಎಷ್ಟು?

ರೇಡಿಯೋ ಎಂಬ ಹೆಸರನ್ನು ಅವರಿಗೆ ಇಟ್ಟವರು ಯಾರೋ ಹಳಬರು. ಅಂಕಿಗಳನ್ನು ವಾರ್ತೆ ಓದುವವರ ಹಾಗೆ ಓದುತ್ತಿದ್ದರು ಎಂದು. ಸಾವಿನ ಸುದ್ದಿಗೂ ಹವಾಮಾನಕ್ಕೂ ಒಂದೇ ದನಿ ಎಂದು ಸೇಲ್ಸಿನವರು ನಗುತ್ತಿದ್ದರು. ಅವನೊಬ್ಬ ಮಾತ್ರ ಅವರನ್ನು ಅಣ್ಣ ಎನ್ನುತ್ತಿದ್ದ. ನೀರೆತ್ತುವ ಪಂಪುಗಳನ್ನು ಮಾಡಿ ಮಾರುವ ಆ ಕಂಪನಿಯಲ್ಲಿ ಹಳೆಯ ಯಜಮಾನರು ಹಾಕಿಕೊಟ್ಟ ಒಂದು ಕ್ರಮವಿತ್ತು. ಲೆಕ್ಕಪತ್ರ ವಿಭಾಗದಿಂದ ಹೊರಗೆ ಹೋಗುವ ಯಾವ ಹಾಳೆಯೂ ಇಬ್ಬರ ಕೈ ದಾಟದೆ ಹೋಗಕೂಡದು. ಒಬ್ಬರು ಮೂಲ ಚೀಟಿಗಳನ್ನು ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯಲ್ಲಿ ಅದನ್ನು ಕಂಡು ಪೆನ್ಸಿಲಿನಲ್ಲಿ ಟಿಕ್ ಹಾಕಬೇಕು. ಕಂಪ್ಯೂಟರ್ ಬಂದ ಮೇಲೂ ಯಜಮಾನರು ಬಿಡಲಿಲ್ಲ. ತುಂಬಿದ್ದನ್ನೇ ತಾನೇ ಅದು ಕಕ್ಕುವುದು ಎನ್ನುತ್ತಿದ್ದರು. ಅವನು ಕೆಲಸಕ್ಕೆ ಸೇರಿದ ದಿನ ರೇಡಿಯೋ ಅವನ ಕೈಗೆ ಪೆನ್ಸಿಲ್ ಕೊಟ್ಟು ಹೇಳಿದ್ದರು: "ನೋಡು ತಮ್ಮ, ನಾನು ಓದ್ತೀನಿ. ಸರಿ ಇದ್ರೆ ನೀನು ಸುಮ್ಮನಿರು. ಸರಿ, ಹೂಂ, ಆಯ್ತು ಅಂತ ಒಂದೊಂದಕ್ಕೂ ಅಂತಿದ್ರೆ ಸಂಜೆ ಹೊತ್ತಿಗೆ ಇಬ್ಬರಿಗೂ ತಲೆ ಕೆಡತ್ತೆ. ತಪ್ಪಿದ್ರೆ ಮಾತ್ರ 'ತಡೀರಿ' ಅನ್ನು. ನಾನು ಒಂದು ಉಸಿರು ಕಾಯ್ತೀನಿ. ನೀನು ಸುಮ್ಮನಿದ್ರೆ ಸರಿ ಅಂತ್ಲೇ ಅರ್ಥ, ಮುಂದೆ ಅಂತೀನಿ." ಆಮೇಲೆ ಸ್ವಲ್ಪ ತಡೆದು, "ನೋಡದೇ ಇದ್ದದ್ದಕ್ಕೆ ಟಿಕ್ ಹಾಕ್ಬೇಡ. ಅದೊಂದು ಚಟ ಹತ್ತಿದ್ರೆ ಬಿಡಲ್ಲ" ಎಂದಿದ್ದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಆಡಿದ ಮಾತಿಗಿಂತ ಆಡದೆ ಇದ್ದದ್ದೇ ಹೆಚ್ಚು. ಆ ಬಿಡುವುಗಳಲ್ಲಿ ಅವನು ಅವರ ಉಸಿರು ಕೇಳುತ್ತಿದ್ದ. ನೆಗಡಿಯಾದರೆ, ಮನೆಯಲ್ಲಿ ಜಗಳವಾದರೆ ಆ ಉಸಿರಿನಲ್ಲೇ ತಿಳಿಯುತ್ತಿತ್ತು.

ರೇಡಿಯೋ ಈಗ ಕೆಲಸದಲ್ಲಿಲ್ಲ, ಓದುವವನು ಅವನು. ಟಿಕ್ ಹಾಕುವುದಕ್ಕೆಂದು, ಮುಚ್ಚಿಹೋದ ಖರೀದಿ ವಿಭಾಗದಿಂದ ಒಬ್ಬ ಹೆಂಗಸನ್ನು ಕಳಿಸಿದ್ದರು. ಅವನಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಏಸಿಯ ಚಳಿಗೆ ಸದಾ ಕಂದು ಸ್ವೆಟರ್ ಹಾಕಿಕೊಂಡೇ ಇರುವುದರಿಂದ ಎಲ್ಲರಿಗೂ ಸ್ವೆಟರಕ್ಕ. ಇವತ್ತು ಅವರಿಗೆ ಮೊದಲ ದಿನ. ಪೆನ್ಸಿಲನ್ನು ಚೂಪಾಗಿ ಕೆತ್ತಿಕೊಂಡು, ಹೊಸ ಶಾಲೆಗೆ ಬಂದ ಮಗುವಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವನು ರೇಡಿಯೋ ಅವರ ಕುರ್ಚಿಯಲ್ಲಿ ಕೂರಬೇಕಾಯಿತು, ಓದುವವರ ದೀಪ ಇದ್ದದ್ದು ಅದೇ ಕಡೆ. ಅವರು ಎಡಗೈ ಊರಿಕೊಂಡು ಓದುತ್ತಿದ್ದುದರಿಂದ ಆ ಕುರ್ಚಿಯ ಮೆತ್ತೆ ಎಡಕ್ಕೆ ಕುಸಿದಿತ್ತು. ಎಷ್ಟು ನೇರವಾಗಿ ಕೂತರೂ ಮೈ ಆ ತಗ್ಗಿನ ಕಡೆಗೇ ಜಾರುತ್ತಿತ್ತು. ಅಕ್ಕನಿಗೆ ಕ್ರಮ ಹೇಳಿಕೊಟ್ಟ. ಸರಿ ಇದ್ದರೆ ಸುಮ್ಮನಿರಿ, ತಪ್ಪಿದ್ದರೆ ಮಾತ್ರ ತಡೀರಿ ಅನ್ನಿ. ಅವರು ತಲೆಯಾಡಿಸಿ, "ಅಲ್ಲ ಸಾರ್, ಸರಿಯೋ ತಪ್ಪೋ ನಂಗೆ ಗೊತ್ತಾಗ್ಲಿಲ್ಲ ಅನ್ಕೊಳ್ಳಿ. ಆಗ?" ಎಂದರು. ರೇಡಿಯೋ ಆಗಿದ್ದರೆ ಏನು ಹೇಳುತ್ತಿದ್ದರೋ. ಅವನಿಗೆ ಬೇಗ ಶುರು ಮಾಡಿ ಬೇಗ ಮುಗಿಸಬೇಕಿತ್ತು, ಅರ್ಧ ವರ್ಷದ ಲೆಕ್ಕ ಮೇಲಿನವರಿಗೆ ಹೋಗಬೇಕಿತ್ತು. "ಗೊತ್ತಾಗದಿದ್ರೂ ಸುಮ್ಮನಿರಿ" ಎಂದುಬಿಟ್ಟ.

ಓದತೊಡಗಿದ. ಮೊದಲ ಹಾಳೆಯಲ್ಲೇ ಅದು ಆಯಿತು. ಅವನು ಬಾಯಿ ತೆರೆಯುವುದಕ್ಕೆ ಮುಂಚೆ ಅಂಕಿ ಕಿವಿಯಲ್ಲಿ ಬಂದು ಬಿದ್ದಿರುತ್ತಿತ್ತು. ಅವನು ಓದುತ್ತಿರಲಿಲ್ಲ, ಯಾರೋ ಓದಿದ್ದನ್ನು ಹಿಂದಿನಿಂದ ಒಪ್ಪಿಸುತ್ತಿದ್ದ. ದನಿ ಸಣ್ಣಗೆ ಮಾಡಿದ, ದೊಡ್ಡದು ಮಾಡಿದ, ಒಮ್ಮೆ ಕೆಮ್ಮಿದ. ಕೆಮ್ಮು ಕೂಡ ಅವರದೇ ಆಗಿ ಬಂತು. ಸ್ವೆಟರಕ್ಕ ತಲೆಯೆತ್ತಲಿಲ್ಲ. ಅವರ ಪೆನ್ಸಿಲ್ ಚುರುಚುರು ಎನ್ನುತ್ತಿತ್ತು. ಎಡಕ್ಕೆ ಜಾರಿದ ಮೈಯನ್ನು ಎಳೆದುಕೊಳ್ಳುತ್ತ, ಸತ್ತವರಿಗಾದರೆ ಹೀಗೆ ಹೆದರಬಹುದು, ಇವರು ಮೂರು ಬಸ್ ಸ್ಟಾಪ್ ಆಚೆ ಮನೆಯಲ್ಲಿ ಆರಾಮವಾಗಿ ಪೇಪರ್ ಓದುತ್ತ ಕೂತಿದ್ದಾರಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಆರಾಮವಾಗಿ ಎಂದು ಯಾರು ಹೇಳಿದರು? ಎರಡು ಸಲ ಅವರ ಫೋನು ಬಂದಿತ್ತು. ಒಮ್ಮೆ ಬಸ್ಸಿನಲ್ಲಿದ್ದ, ಗದ್ದಲ. ಇನ್ನೊಮ್ಮೆ ಮನೆಯಲ್ಲೇ ಇದ್ದ. ಫೋನು ಮೇಜಿನ ಮೇಲೆ ಗುರ್ರೆನ್ನುತ್ತ ಅಂಚಿನವರೆಗೂ ಸರಿದು ಬಂದದ್ದನ್ನು ನೋಡುತ್ತ ಕೂತಿದ್ದ. ಯಾರದು ಎಂದಳು ಹೆಂಡತಿ. ಸಾಲ ಬೇಕಾ ಅಂತ ಕೇಳೋರು ಎಂದ.

ಕನ್ನಡಕದ ಮೇಡಂ ಒಳ್ಳೆಯವರು, ಅದೇ ಕಷ್ಟ. ಕೊಂಡ ಕಂಪನಿಯವರು ಇಲ್ಲಿ ಯಾರಿರಬೇಕು ಯಾರು ಬೇಡ ಎಂದು ನೋಡುವುದಕ್ಕೆ ಅವರನ್ನು ಕಳಿಸಿದಾಗ ಎಲ್ಲರೂ ಗಡಸು ಗಂಡಸೊಬ್ಬನನ್ನು ಎದುರುನೋಡಿದ್ದರು. ಬಂದವರು ನೀಲಿ ಅಂಚಿನ ಕನ್ನಡಕ ಹಾಕಿಕೊಂಡು, ಎದ್ದು ನಿಂತು ಕುರ್ಚಿ ತೋರಿಸಿ, ನೀರು ಬೇಕಾ ಎಂದು ಕೇಳುವಂಥವರು. ರೇಡಿಯೋ ಇನ್ನೂ ಕೆಲಸದಲ್ಲಿದ್ದಾಗ ಅವನನ್ನು ಕರೆಸಿದ ದಿನ, ಮೂಲೆಯ ಗಾಜಿನ ಕೋಣೆಯಲ್ಲಿ ಅವನ ಎದುರಿಗೆ ಒಂದು ನೋಟ್‌ಪ್ಯಾಡು, ಒಂದು ಪೆನ್ಸಿಲು ಇಟ್ಟಿದ್ದರು. ಬಂದವರಿಗೆಲ್ಲ ಇಡುತ್ತಿದ್ದರಂತೆ, ಏನಾದರೂ ಬರೆದುಕೊಳ್ಳಬೇಕೆನ್ನಿಸಿದರೆ ಎಂದು. "ಇದು ವಿಚಾರಣೆ ಅಲ್ಲ, ಗಾಬರಿಯಾಗ್ಬೇಡಿ. ನಿಮ್ಮ ವಿಭಾಗದ ಬಗ್ಗೆ ನಾನು ತಿಳ್ಕೊಂಡಿರೋದನ್ನ ಓದ್ತೀನಿ. ತಪ್ಪಿದ್ರೆ ಹೇಳಿ, ತಿದ್ಕೊಳ್ತೀನಿ." ಓದಿದರು. ತಾಳೆ ನೋಡುವ ಕೆಲಸವನ್ನು ಇಬ್ಬರು ಮಾಡುತ್ತಾರೆ. ಬಿಡುವು. ಇಬ್ಬರಲ್ಲಿ ಹಿರಿಯರಿಗೆ ಹೊಸ ಸಾಫ್ಟ್‌ವೇರ್ ಇನ್ನೂ ಕೈಗೆ ಹತ್ತಿಲ್ಲ. ಬಿಡುವು. ಅದು ನಿಜವೇ, ರೇಡಿಯೋ ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಹಿಡಿಯುತ್ತಿದ್ದರು. ಈಚೆಗೆ ಅವರಿಗೆ ಕಣ್ಣು ಮಂಜಾಗಿ ಓದುವಾಗ ತಪ್ಪುಗಳಾಗುತ್ತಿವೆ. ಬಿಡುವು. ಅದು ಸುಳ್ಳು. ಹಸಿಹಸಿ ಸುಳ್ಳು. ಯಾರು ಹೇಳಿದರೋ, ಯಾಕೆ ಹೇಳಿದರೋ. ಅವರು ತಪ್ಪು ಓದಿದ ದಿನವೊಂದೂ ಅವನಿಗೆ ನೆನಪಿಲ್ಲ. ನಾಲಗೆಯ ತುದಿಗೆ 'ತಡೀರಿ' ಬಂದು ಕೂತಿತ್ತು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು, ಅವರಲ್ಲದಿದ್ದರೆ ನಾನು. ಉಗುಳು ನುಂಗಿದ. ಎರಡೂ ಒಟ್ಟಿಗೆ ಒಳಗೆ ಹೋದವು. ಮೇಡಂ ಕಾದರು. ಅವರಿಗೆ ಈ ವಿಭಾಗದ ಕ್ರಮ ಗೊತ್ತಿರಲಿಲ್ಲ, ಆದರೂ ಸರಿಯಾಗಿ ಒಂದು ಉಸಿರಿನಷ್ಟೇ ಕಾದರು. ಆಮೇಲೆ, ಅವರು ಸ್ವಂತ ಇಚ್ಛೆಯಿಂದ ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ ಎಂದು ತಿಳಿದಿದೆ, ಎಂದು ಓದಿದರು. ಅದೂ ಸುಳ್ಳು. ಹಿಂದಿನ ವಾರವಷ್ಟೇ ರೇಡಿಯೋ ಚಹಾ ಕುಡಿಯುತ್ತ, "ಇಲ್ಲೇ ಕುರ್ಚೀಲೇ ಒಂದಿನ ಒರಗಿಬಿಡ್ತೀನಿ, ನೀನು ನಾನು ಉಸಿರಾಡೋಕೆ ಬಿಡುವು ತಗೊಂಡಿದೀನಿ ಅನ್ಕೊಂಡು ಪೆನ್ಸಿಲ್ ಹಿಡ್ಕೊಂಡು ಕಾಯ್ತಾ ಕೂತಿರ್ತೀಯ" ಎಂದು ನಕ್ಕಿದ್ದರು. ಮೇಡಂ ಕಾದರು. ಅವನು ಸುಮ್ಮನಿದ್ದ. ಏಳುವಾಗ ನೋಡಿದರೆ ಎದುರಿಗಿದ್ದ ಪ್ಯಾಡಿನ ಮೇಲೆ ಒಂದರ ಕೆಳಗೊಂದು ಟಿಕ್‌ಗಳಿದ್ದವು. ಸಾಲು ತಪ್ಪದೆ, ಒಂದೇ ಅಳತೆಯಲ್ಲಿ. ತಾನು ಹಾಕಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಮೇಡಂ ಅವನ್ನು ನೋಡಿ, "ತುಂಬ ಉಪಕಾರ ಆಯ್ತು ನಿಮ್ಮಿಂದ" ಎಂದರು.

ಅಭ್ಯಾಸಬಲ ಎಂದು ಎಷ್ಟು ಸಲ ಹೇಳಿಕೊಂಡ. ಬಸ್ಸಿನಲ್ಲಿ, ಸ್ನಾನದಲ್ಲಿ, ಹೆಂಡತಿಯ ಮಗ್ಗುಲಲ್ಲಿ. ಯಾರಾದರೂ ಓದಿ ನಿಲ್ಲಿಸಿದರೆ ಕೈ ತಾನಾಗಿ ಟಿಕ್ ಹಾಕುತ್ತದೆ, ಇಷ್ಟು ವರ್ಷದ ಕೈ ಅದು, ನನ್ನದೇನು ತಪ್ಪು. ಹಾಗೆಂದುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಇನ್ನೊಂದು ಮೂಲೆಯಿಂದ ಪ್ರಶ್ನೆ ಎದ್ದು ಬರುತ್ತಿತ್ತು. ತಪ್ಪು ಕೇಳಿದರೆ ತಡೀರಿ ಅನ್ನುವುದೂ ಅಭ್ಯಾಸವೇ ಅಲ್ಲವೆ? ಎರಡು ಅಭ್ಯಾಸಗಳಲ್ಲಿ ಒಂದೇ ಯಾಕೆ ಕೆಲಸ ಮಾಡಿತು? ಕೈಗೆ ಬಂದದ್ದು ನಾಲಗೆಗೆ ಯಾಕೆ ಬರಲಿಲ್ಲ? ಆ ವಾರವೇ ರೇಡಿಯೋಗೆ ಕೆಲಸದಿಂದ ಬಿಡಿಸಿದ ಕಾಗದ ಬಂತು. ಅವನು ಅಂದು ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದಿದ್ದ. ತಲೆ ನಿಜವಾಗಿಯೂ ನೋಯುತ್ತಿತ್ತು, ಅದನ್ನಾದರೂ ಯಾರಾದರೂ ನಂಬಬೇಕು ಎಂದು ಅವನಿಗೆ ಈಗಲೂ ಆಸೆ.

"ಸಾರ್" ಎಂದರು ಸ್ವೆಟರಕ್ಕ. ಅವನು ಓದುವುದನ್ನು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ. "ಊಟಕ್ಕೆ ಹೋಗಿ ಬರ್ಲಾ?" ಹೋಗಿ ಬನ್ನಿ ಎಂದ. ಅವರು ಡಬ್ಬಿ ಎತ್ತಿಕೊಂಡು ಬಾಗಿಲು ದಾಟುವಾಗ ಯಾರಿಗೋ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ರೇಡಿಯೋ ಒಳಗೆ ಬಂದರು.

ಅವನು ಗಡಬಡಿಸಿ ಎದ್ದ. ಅವರ ಕುರ್ಚಿಯಲ್ಲಿ ಕೂತಿರುವಾಗಲೇ ಸಿಕ್ಕಿಬಿದ್ದದ್ದಕ್ಕೆ ಎಲ್ಲಕ್ಕಿಂತ ಮೊದಲು ನಾಚಿಕೆಯಾಯಿತು. ರೇಡಿಯೋ ಎಂದಿನ ಅರ್ಧತೋಳಿನ ಅಂಗಿಯಲ್ಲೇ ಇದ್ದರು, ಜೇಬಿನಲ್ಲಿ ಮಾತ್ರ ಪೆನ್ನಿರಲಿಲ್ಲ. ಕೊರಳಲ್ಲಿ ಸಂದರ್ಶಕರಿಗೆ ಕೊಡುವ ಹಳದಿ ಪಟ್ಟಿ ನೇತಾಡುತ್ತಿತ್ತು. "ನೋಡು, ಗೇಟಲ್ಲಿ ಕೊಟ್ರು. ಯಾರನ್ನ ನೋಡ್ಬೇಕು ಅಂತ ಕೇಳಿದ, ಆ ಹಳೇ ವಾಚ್‌ಮನ್ನೇ. ಪಾಪ, ಕೇಳ್ತಾ ಅವನೇ ಮುಖ ಆ ಕಡೆ ಮಾಡ್ಕೊಂಡ" ಎಂದರು. ಅವನು, "ಊಟ ಆಯ್ತಾ ಅಣ್ಣ?" ಎಂದ. "ಆಯ್ತಪ್ಪ. ಈಗ ಮನೇಲಿ ಬಿಸಿಬಿಸಿ ಊಟ. ಅವಳಿಗೆ ಬೇಜಾರು, ಮಧ್ಯಾಹ್ನದ ನಿದ್ದೆ ಹಾಳಾಯ್ತು ಅಂತ." ಕುರ್ಚಿಯ ಕಡೆ ನೋಡಿ, "ಇನ್ನೂ ಎಡಕ್ಕೆ ವಾಲತ್ತಾ?" ಎಂದು ಕೇಳಿದರು. ಹೂಂ ಎಂದ. "ಅದು ನನ್ನಿಂದ್ಲೇ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿ, ಕೇಳುವ ಗೋಜಿಗೇ ಹೋಗದೆ ಅಲ್ಲಿ ಕೂತರು. ಮೈ ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. ಅವನು ಫೋನ್ ಎತ್ತದೆ ಇದ್ದದ್ದರ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಅವನು ಹೇಳಲು ಒಂದು ಸುಳ್ಳು ತಯಾರಾಗಿತ್ತು. ಅದು ಬೇಡವಾಗಿ ಉಳಿದು ಬಾಯಲ್ಲೇ ಕಹಿಯಾಯಿತು.

ಬಂದದ್ದು ತಮ್ಮ ಕೊನೆಯ ಲೆಕ್ಕದ ಹಾಳೆಗೆ. ಉಳಿದ ರಜೆ, ಬರಬೇಕಾದದ್ದು, ಕಡಿತವಾಗಬೇಕಾದದ್ದು ಎಲ್ಲ ಸೇರಿದ ಒಂದೇ ಹಾಳೆ ಅದು. ವಿಭಾಗದವರ ಸಹಿ ಬಿದ್ದರೆ ಇವತ್ತೇ ಮುಗಿಯುತ್ತದೆ ಎಂದು ಮೇಲಿನಿಂದ ಹೇಳಿ ಕಳಿಸಿದ್ದರಂತೆ. ಹಾಳೆ ಅವನ ಟ್ರೇಯಲ್ಲೇ ಎರಡು ದಿನದಿಂದ ಇತ್ತು, ಮುಟ್ಟಿರಲಿಲ್ಲ. "ತಾಳೆ ನೋಡ್ಬೇಕಲ್ಲ ಅಣ್ಣ. ಅಕ್ಕ ಊಟಕ್ಕೆ ಹೋಗಿದಾರೆ. ಬರ್ಲಿ, ಆಮೇಲೆ..." ಎಂದ. ರೇಡಿಯೋ ಕೈ ಚಾಚಿದರು. "ಅವರು ಯಾಕೆ, ನಾನಿಲ್ವಾ? ಚೀಟಿ ಇಲ್ಲಿ ಕೊಡು. ಹಾಳೆ ನೀನಿಟ್ಕೋ." ತಮ್ಮದೇ ಲೆಕ್ಕವನ್ನು ತಾವೇ ಓದಬಾರದು ಎಂಬ ನಿಯಮವೇನಾದರೂ ಇದೆಯೇ ಎಂದು ಅವನು ಯೋಚಿಸಿದ. ಯಜಮಾನರಿಗೆ ಹೀಗೊಂದು ದಿನ ಬಂದೀತೆಂದು ಹೊಳೆದಿರಲಿಕ್ಕಿಲ್ಲ. ಹಿಂದಿನ ಹಾಗೇ ಎದುರು ಕುರ್ಚಿಯಲ್ಲಿ ಕೂತ. ಪೆನ್ಸಿಲ್ ಎತ್ತಿಕೊಂಡ. ಅವರು ದೀಪ ಹಾಕಿ, ಕನ್ನಡಕ ಏರಿಸಿ, ಎಡಗೈ ಊರಿಕೊಂಡರು.

ಓದಿದರು. ಇಷ್ಟು ದಿನ ಬಾಗಿಲಾಚೆಯಿಂದ, ನೀರಿನೊಳಗಿಂದ ಕೇಳಿಬಂದಂತಿದ್ದ ದನಿ ಈಗ ಎದುರಿಗೇ, ಒಂದು ಮೇಜಿನ ಆಚೆ. ಅವನಿಗೆ ಮೊದಲು ಆದದ್ದು ನೆಮ್ಮದಿ. ಎಷ್ಟೋ ದಿನಗಳ ಮೇಲೆ ಕಿವಿಯೊಳಗಿನ ಗದ್ದಲ ನಿಂತು, ಅಂಕಿ ಹೊರಗಿನಿಂದ ಬಂದು ಹಾಳೆಯ ಮೇಲೆ ತನ್ನ ಜೋಡಿಯನ್ನು ಕಂಡುಕೊಂಡಿತು. ಕೈ ಟಿಕ್ ಹಾಕಿತು. ಬಿಡುವು. ಮುಂದೆ. ತೃಪ್ತಿ ಎಂದು ಅವರು ಕೇಳಿದ್ದು ಇದನ್ನೇ ಇರಬೇಕು, ಇದನ್ನು ನಾನೇ ಮಾರಿಬಿಟ್ಟೆ, ಎಂದು ಅನ್ನಿಸಿ ಅಳು ಬರುವ ಹಾಗಾಯಿತು. ರೇಡಿಯೋ ಅವರ ದನಿ ಎಲ್ಲಿಯೂ ತಡವರಿಸಲಿಲ್ಲ. ತಮ್ಮ ಇಷ್ಟೂ ವರ್ಷಗಳನ್ನು ಬೇರೆ ಯಾರದೋ ಎಂಬ ಹಾಗೆ ಒಂದೊಂದೇ ಸಾಲಾಗಿ ಓದುತ್ತ ಕೊನೆಯ ಸಾಲಿಗೆ ಬಂದರು. ಒಟ್ಟು ಮೊತ್ತ ಓದಿದರು. ಅವನು ಟಿಕ್ ಹಾಕಿ ಪೆನ್ಸಿಲ್ ಕೆಳಗಿಡಬೇಕೆನ್ನುವಷ್ಟರಲ್ಲಿ "ಮುಂದೆ" ಎಂದರು. ಮುಂದೆ ಏನೂ ಇರಲಿಲ್ಲ. ಅವರು ಚೀಟಿಗಳಿಂದ ಕಣ್ಣು ಕೀಳದೆ ಅದೇ ದನಿಯಲ್ಲಿ ಹೇಳಿದರು: "ನಿನಗಿಂತ ಮೊದ್ಲು ಆ ಮೇಡಂ ನನ್ನನ್ನೂ ಕರೆದಿದ್ರು. ನಿನ್ನ ಬಗ್ಗೆ ಬರ್ಕೊಂಡಿದ್ದನ್ನ ಓದಿದ್ರು. ಇವರು ಯಾರ ಜೊತೇನೂ ಬೆರೆಯಲ್ಲ, ತಾವಾಗಿ ಒಂದು ನಿರ್ಧಾರ ತಗೊಳ್ಳಲ್ಲ, ಇವರಿಲ್ದಿದ್ರೂ ನಡೆಯತ್ತೆ ಅಂತ. ನಾನು ತಡೀರಿ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ, ಏನು ಅಂದ್ರು. ಅದು ತಪ್ಪು, ಹೊಡೆದು ಹಾಕಿ ಅಂದೆ. ನನ್ನೆದುರಿಗೇ ಹೊಡೆದು ಹಾಕಿದ್ರು." ಒಂದು ಉಸಿರು. ಅವನು ಹಾಳೆಯನ್ನೇ ನೋಡುತ್ತಿದ್ದ. "ಮುಂದೆ. ನಿನಗೂ ನನ್ನ ಬಗ್ಗೆ ಓದಿರ್ತಾರೆ. ನೀನೂ ತಡೀರಿ ಅಂದಿರ್ತೀಯ. ಅವರು ಕೇಳಿರಲ್ಲ, ಅಷ್ಟೇ. ಮನೇಲಿ ಹಾಗೇ ಹೇಳಿದೀನಿ."

ಹೇಳಿ, ಚೀಟಿಗಳಿಂದ ತಲೆಯೆತ್ತಿ ಅವನನ್ನು ನೋಡಿದರು. ಓದುವಾಗ ಅವರು ತಲೆಯೆತ್ತಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಕನ್ನಡಕದ ಹಿಂದೆ ಕಣ್ಣುಗಳು ನಿಚ್ಚಳವಾಗಿದ್ದವು, ಮಂಜು ಗಿಂಜು ಏನೂ ಇರಲಿಲ್ಲ. ಈಗ ಅನ್ನು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಒಂದೇ ಮಾತು. ತಡೀರಿ ಅಣ್ಣ, ಅದು ತಪ್ಪು, ನಾನು ಅನ್ನಲಿಲ್ಲ. ಇಷ್ಟನ್ನು ಹೇಳಿಬಿಟ್ಟರೆ ಆ ದನಿ ಹೋಗುತ್ತದೆ, ಕೈ ಸುಮ್ಮನಾಗುತ್ತದೆ, ಬೆಳಿಗ್ಗೆ ಹಲ್ಲುಜ್ಜುವಾಗ ಬರೀ ಹಲ್ಲುಜ್ಜಬಹುದು. ಹೇಳಿದರೆ ಕೆಲಸವೇನೂ ಹೋಗುವುದಿಲ್ಲ, ಈ ಮನುಷ್ಯ ಯಾರಿಗೂ ಹೇಳುವವರಲ್ಲ. ಹೋಗುವುದು ಇವರ ಮನೆಯಲ್ಲಿ ಇರುವ ತನ್ನ ಹೆಸರೊಂದೇ. ಆ ಹೆಸರು ಹೋದರೆ ತನ್ನದು ಎನ್ನುವಂಥದ್ದು ಇನ್ನೇನು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತ ಕೂತ. ಬಾಯಿ ತೆರೆದ. ಹೊರಗೆ ಯಾರೋ ನಗುತ್ತ ಹೋದರು. ಉಸಿರಿನಷ್ಟು ಬಿಡುವು ಎಂದೋ ಮುಗಿದಿತ್ತು. ರೇಡಿಯೋ ಇನ್ನೂ ಒಂದು ಉಸಿರು ಕಾದರು, ಅದು ಕ್ರಮದಲ್ಲಿ ಇರಲಿಲ್ಲ. ಆಮೇಲೆ ಕನ್ನಡಕ ತೆಗೆದರು.

"ಎಲ್ಲಿ, ಹಾಳೆ ಕೊಡು" ಎಂದು ತೆಗೆದುಕೊಂಡು ದೀಪದ ಕೆಳಗೆ ಹಿಡಿದರು. ಹಿಂದೆಲ್ಲ ಹಾಗೇ ಮಾಡುತ್ತಿದ್ದರು, ಟಿಕ್ ಒಂದೂ ತಪ್ಪಿಲ್ಲವೆಂದು ಕೊನೆಗೊಮ್ಮೆ ನೋಡುವುದು. ಬೆರಳು ಸಾಲುಗಳ ಮೇಲೆ ಇಳಿಯುತ್ತ ಬಂದು ಒಟ್ಟು ಮೊತ್ತವನ್ನೂ ದಾಟಿ, ಅದರ ಕೆಳಗಿನ ಬಿಳಿಯಲ್ಲಿ ನಿಂತಿತು. ಅಲ್ಲಿ, ಅಂಕಿಯಿಲ್ಲದ ಜಾಗದಲ್ಲಿ, ಎರಡು ಟಿಕ್‌ಗಳಿದ್ದವು. ಒಂದರ ಕೆಳಗೊಂದು, ಸಾಲು ತಪ್ಪದೆ. ಅವನು ತನ್ನ ಕೈಯನ್ನು ನೋಡಿಕೊಂಡ. ಪೆನ್ಸಿಲ್ ಇನ್ನೂ ಬೆರಳುಗಳ ನಡುವೆಯೇ ಇತ್ತು. ರೇಡಿಯೋ ಮೇಲಿನ ಟಿಕ್ಕನ್ನು ನೋಡಿದರು, ಕೆಳಗಿನದನ್ನು ಇನ್ನಷ್ಟು ಹೊತ್ತು ನೋಡಿದರು. ಡ್ರಾಯರಿನಲ್ಲಿ ರಬ್ಬರು ಎಲ್ಲಿರುತ್ತದೆಂದು ಅವರಿಗೆ ಗೊತ್ತಿತ್ತು. ತೆಗೆದರು. ಮೇಲಿನದನ್ನು ಮುಟ್ಟಲಿಲ್ಲ. ಕೆಳಗಿನದನ್ನು ಕಾಗದ ಮುದುರದ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು, ನಿಧಾನವಾಗಿ ಅಳಿಸಿ, ಪುಡಿಯನ್ನು ಊದಿದರು. "ನೋಡದೇ ಇದ್ದದ್ದಕ್ಕೆ ಹಾಕ್ಬೇಡ ಅಂತ ಹೇಳಿಕೊಟ್ಟೆ. ಸುಳ್ಳು ಅಂತ ಗೊತ್ತಿದ್ದದ್ದಕ್ಕೂ ಹಾಕ್ಬೇಡ ಅಂತ ಹೇಳ್ಬೇಕಿತ್ತೇನೋ, ಆವಾಗ ಹೊಳೀಲಿಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಸಹಿ ಮಾಡು." ಮಾಡಿದ. ಅವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿದರು. "ಮನೇಲಿ ಹೇಳಿದ್ದು ಹಾಗೇ ಇರ್ಲಿ. ನೀನು ಅಂದ್ರೆ ಅವಳಿಗೆ ಇಷ್ಟ" ಎಂದರು.

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು. ಅವನು ಹೋಗಿ ವಾಲಿದ ಕುರ್ಚಿಯಲ್ಲಿ ಕೂತ. ಮೆತ್ತೆ ಇನ್ನೂ ಬೆಚ್ಚಗಿತ್ತು. "ತಡೀರಿ" ಎಂದ. ಗಟ್ಟಿಯಾಗಿಯೇ ಅಂದ. ಯಾರೂ ಇರಲಿಲ್ಲ. ಕಿವಿಗೊಟ್ಟು ಕಾದ. ದನಿ ಬರಲಿಲ್ಲ. ಇಷ್ಟು ದಿನ ಬೇಡ ಬೇಡವೆಂದರೂ ಬರುತ್ತಿದ್ದದ್ದು, ಈಗ ಅರ್ಧ ವರ್ಷದ ಲೆಕ್ಕದ ಹಾಳೆ ಎದುರಿಗಿಟ್ಟುಕೊಂಡು, ಮೊದಲ ಅಂಕಿಯ ಮೇಲೆ ಬೆರಳಿಟ್ಟು, ಬಾ ಎಂದರೂ ಬರಲಿಲ್ಲ. ಅದು ಹೋದರೆ ಸಾಕೆಂದು ಎಷ್ಟು ಹಂಬಲಿಸಿದ್ದ. ಅದರೊಂದಿಗೆ ಆ ಬಿಡುವುಗಳೂ ಹೋಗುತ್ತವೆ, ಬಿಡುವಿನಲ್ಲಿ ಕೇಳುತ್ತಿದ್ದ ಉಸಿರೂ ಹೋಗುತ್ತದೆ ಎಂದು ತಿಳಿದಿರಲಿಲ್ಲ. ತಾನೇ ಒಂದು ಅಂಕಿ ಓದಿ ನೋಡಿದ. ಅವನದೇ ದನಿ, ತೆಳ್ಳಗೆ, ಯಾರ ಹಿಂದೆಯೂ ಇರಲಿಲ್ಲ.

ಊಟದ ಹೊತ್ತು ಮುಗಿದು ಎಲ್ಲರೂ ಮರಳಿದರೂ ಸ್ವೆಟರಕ್ಕ ಬರಲಿಲ್ಲ. ಅವರ ಡಬ್ಬಿ ಮಾತ್ರ ಯಾರೋ ತಂದಿಟ್ಟಿದ್ದರು. ಎಲ್ಲಿ ಎಂದು ಕೇಳಿದ. "ಮೇಡಂ ಕರೆಸಿದಾರೆ. ನಿಮ್ಮ ವಿಭಾಗದ ವಿಷಯ ಏನೋ ಕೇಳ್ಬೇಕಂತೆ" ಎಂದು ಪಕ್ಕದ ಮೇಜಿನವನು ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ. ಅವನು ಎದ್ದು ನೀರು ಕುಡಿಯುವ ನೆಪದಲ್ಲಿ ನಲ್ಲಿಯವರೆಗೆ ಹೋದ. ಅಲ್ಲಿಂದ ಗಾಜಿನ ಕೋಣೆ ಕಾಣುತ್ತಿತ್ತು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಮುಖ ಅವನ ಕಡೆಗೇ ಇತ್ತು. ಎದುರಿಗೆ ಪ್ಯಾಡು. ಕೈಯಲ್ಲಿ ಪೆನ್ಸಿಲ್. ಮೇಡಂ ಒಂದು ಹಾಳೆ ಹಿಡಿದು ಏನೋ ಓದಿದರು, ನಿಲ್ಲಿಸಿದರು, ನೀಲಿ ಅಂಚಿನ ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿದರು. ಗಾಜಿನಾಚೆಯಿಂದ ಏನೂ ಕೇಳುತ್ತಿರಲಿಲ್ಲ. ನಿಜವನ್ನು ಓದುತ್ತಿದ್ದಾರೋ ಸುಳ್ಳನ್ನೋ. ಅಕ್ಕನಿಗೆ ಅವನ ಬಗ್ಗೆ ಗೊತ್ತಿರುವುದಾದರೂ ಏನು, ಒಂದು ಬೆಳಗಿನ ಪರಿಚಯ. ಗೊತ್ತಾಗದಿದ್ದರೆ ಏನು ಮಾಡಬೇಕೆಂದು ಅವರು ಕೇಳಿದ್ದರು, ಅವನು ಹೇಳಿಯೂ ಇದ್ದ. ಲೋಟ ತುಂಬಿ ಕೈಮೇಲೆ ಹರಿಯಿತು. ಅವನು ಅಕ್ಕನ ತುಟಿಗಳನ್ನೇ ನೋಡುತ್ತ ನಿಂತ. ಮೇಡಂ ಒಂದು ಉಸಿರಿನಷ್ಟು ಕಾದರು. ಅಕ್ಕನ ತುಟಿ ಅಲ್ಲಾಡಲಿಲ್ಲ. ಪೆನ್ಸಿಲ್ ಹಿಡಿದ ಕೈ ಅಲ್ಲಾಡಿತು.